ನಿಲ್ದಾಣದ ಬಾಗಿಲು ಯಾರಿಗಾಗಿ?

2024ರ ಫೆಬ್ರವರಿ 16ರಂದು ರಾಜ್ಯ ಬಜೆಟ್ ಮಂಡಿಸುತ್ತಾ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಬೆಂಗಳೂರಿನ ಮೆಟ್ರೊ ರೈಲನ್ನು ತುಮಕೂರಿನವರೆಗೆ ಒಯ್ಯುವ ಸಾಧ್ಯತೆಯ ಬಗ್ಗೆ ಅಧ್ಯಯನ ನಡೆಸಲಾಗುವುದು ಎಂದು ಪ್ರಕಟಿಸಿದರು. ತುಮಕೂರಿನ ಜನ ಸಂತೋಷಪಟ್ಟರು. ಸಹಜವೇ. ಪೀಣ್ಯದ ಕಾರ್ಖಾನೆಗಳಿಗೆ, ಬೆಂಗಳೂರಿನ ಕಚೇರಿಗಳಿಗೆ, ಆಸ್ಪತ್ರೆಗಳಿಗೆ ದಿನವೂ ಹೋಗಿ ಬರುವ ಸಾವಿರಾರು ಜನರಿರುವ ಊರು ಅದು. ಆದರೆ ಈ ಘೋಷಣೆಯ ಬಿಸಿ ಆರುವ ಮೊದಲೇ, ಅದೇ ತಿಂಗಳ ಕೊನೆಯ ವಾರದಲ್ಲಿ, ಬೆಂಗಳೂರಿನ ರಾಜಾಜಿನಗರ ಮೆಟ್ರೊ ನಿಲ್ದಾಣದ ಒಂದು ವಿಡಿಯೋ ನಾಡಿನಾದ್ಯಂತ ಹರಿದಾಡಿತು. ತಲೆಯ ಮೇಲೆ ಗಂಟು ಹೊತ್ತ ವಯಸ್ಸಾದ ರೈತರೊಬ್ಬರನ್ನು ಅಲ್ಲಿನ ಭದ್ರತಾ ಸಿಬ್ಬಂದಿ ಒಳಗೆ ಬಿಡದೆ ನಿಲ್ಲಿಸಿದ್ದರು. ಅವರ ಬಳಿ ಟಿಕೆಟ್ ಇತ್ತು. ಗಂಟಿನಲ್ಲಿ ಬಟ್ಟೆಗಳ ಹೊರತು ಬೇರೇನೂ ಇರಲಿಲ್ಲ. ಅವರು ತೊಟ್ಟ ಬಟ್ಟೆ ಕೊಳೆಯಾಗಿದೆ ಎಂಬುದಷ್ಟೇ ತಡೆಯಲು ಕಾರಣವಾಗಿತ್ತು. ಸಹಪ್ರಯಾಣಿಕರು ಕೆಲವರು ನಿಂತು ಜಗಳವಾಡಿದ ಮೇಲೆ ಅವರಿಗೆ ದಾರಿ ಸಿಕ್ಕಿತು. ಸಂಸ್ಥೆಯವರು ಆಗಿದ್ದಕ್ಕೆ ವಿಷಾದಿಸಿ, ಭದ್ರತಾ ಮೇಲ್ವಿಚಾರಕರನ್ನು ಕೆಲಸದಿಂದ ತೆಗೆದುಹಾಕಿದರು.

ರಾಜಾಜಿನಗರ ಇರುವುದು ಹಸಿರು ಮಾರ್ಗದಲ್ಲಿ. ತುಮಕೂರಿನ ಕಡೆಗೆ ಚಾಚಬೇಕಾದ ಮಾರ್ಗವೂ ಅದೇ. ಸಂಪಿಗೆ ರಸ್ತೆಯಿಂದ ಪೀಣ್ಯ ಇಂಡಸ್ಟ್ರಿಯವರೆಗೆ 2014ರ ಮಾರ್ಚ್ 1ರಂದು, ನಾಗಸಂದ್ರದವರೆಗೆ 2015ರ ಮೇ 1ರಂದು, ಮಾದಾವರದವರೆಗೆ 2024ರ ನವೆಂಬರ್ 7ರಂದು ಅದು ತೆರೆದುಕೊಂಡಿತು. ಇನ್ನು ಅಲ್ಲಿಂದ ನೆಲಮಂಗಲ, ದಾಬಸ್‌ಪೇಟೆ, ಕ್ಯಾತ್ಸಂದ್ರಗಳನ್ನು ದಾಟಿ ತುಮಕೂರು ತಲುಪಲು ಐವತ್ತು ಅರವತ್ತು ಕಿಲೋಮೀಟರ್. ಇಪ್ಪತ್ತು ಸಾವಿರ ಕೋಟಿ ರೂಪಾಯಿಗೂ ಮೀರಿದ ಅಂದಾಜಿನ ಮಾತು ಪತ್ರಿಕೆಗಳಲ್ಲಿ ಬಂದಿದೆ. ಎರಡು ಊರುಗಳ ನಡುವಿನ ಇಷ್ಟು ದೂರಕ್ಕೆ ಮೆಟ್ರೊ ತಕ್ಕ ವಾಹನವೇ, ಅಥವಾ ಇರುವ ರೈಲು ಹಳಿಯ ಮೇಲೆಯೇ ಇನ್ನಷ್ಟು ಗಾಡಿಗಳನ್ನು ಓಡಿಸುವುದು ಲೇಸೇ ಎಂಬ ಚರ್ಚೆಯೂ ನಡೆದಿದೆ. ಎಂಜಿನಿಯರುಗಳು, ಅರ್ಥಶಾಸ್ತ್ರಜ್ಞರು ಅದನ್ನು ಮಾಡಲಿ. ನಮ್ಮ ಪ್ರಶ್ನೆ ಬೇರೆ. ಗುಬ್ಬಿಯ ತೆಂಗಿನ ತೋಟದಿಂದಲೋ ಕುಣಿಗಲ್ಲಿನ ರಾಗಿ ಹೊಲದಿಂದಲೋ ನೇರವಾಗಿ ಹೊರಟು ಬಂದ ಮನುಷ್ಯನೊಬ್ಬ ನಾಳೆ ಆ ನಿಲ್ದಾಣದ ಬಾಗಿಲಲ್ಲಿ ನಿಂತಾಗ, ಅವನನ್ನು ಅಳೆಯುವ ಅಳತೆಗೋಲು ಯಾವುದು? ಅಳೆಯುವ ಹಕ್ಕು ಯಾರಿಗಿದೆ?

ಇದೊಂದು ಸಣ್ಣ ಘಟನೆ, ಒಬ್ಬ ಕಾವಲುಗಾರನ ಅತಿರೇಕ ಎಂದು ತಳ್ಳಿಹಾಕುವಂತಿಲ್ಲ. ಕೆಲವೇ ವಾರಗಳ ನಂತರ, ಏಪ್ರಿಲ್‌ನಲ್ಲಿ, ಅದೇ ಮಾರ್ಗದ ದೊಡ್ಡಕಲ್ಲಸಂದ್ರ ನಿಲ್ದಾಣದಲ್ಲಿ ಕೂಲಿ ಕಾರ್ಮಿಕನೊಬ್ಬನನ್ನು ಅಂಗಿಯ ಗುಂಡಿ ಹಾಕಿಲ್ಲವೆಂದು ತಡೆದ ಸುದ್ದಿ ಬಂತು. ಜುಲೈನಲ್ಲಿ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ, ಮಗನ ಜೊತೆ ಸಿನಿಮಾ ನೋಡಲು ಬಂದಿದ್ದ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಹೊರಗೆ ನಿಲ್ಲಿಸಲಾಯಿತು. ಸರಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಆರು ತಿಂಗಳೊಳಗೆ ಒಂದೇ ನಗರದಲ್ಲಿ ಮೂರು ಬಾಗಿಲುಗಳು ಒಂದೇ ಬಗೆಯ ಮನುಷ್ಯನಿಗೆ ಮುಚ್ಚಿಕೊಂಡರೆ ಅದನ್ನು ಆಕಸ್ಮಿಕ ಎನ್ನುವುದು ಕಷ್ಟ.

ಮಾಲ್ ಖಾಸಗಿ, ಮೆಟ್ರೊ ಸಾರ್ವಜನಿಕ ಎಂಬ ವ್ಯತ್ಯಾಸ ಇಲ್ಲಿ ಮುಖ್ಯವೆಂದು ಕೆಲವರಿಗೆ ತೋರಬಹುದು. ಕಾನೂನಿನ ಕಣ್ಣಿಗೆ ಅದು ಮುಖ್ಯವೇ. ಆದರೆ ಎರಡೂ ಕಡೆ ಕೆಲಸ ಮಾಡಿದ್ದು ಒಂದೇ ನೋಟ. ಆ ನೋಟದ ಚರಿತ್ರೆ ಮೆಟ್ರೊಗಿಂತ ಹಳೆಯದು. ಅದನ್ನು ತಿಳಿಯಬೇಕಾದರೆ ತುಮಕೂರಿನ ಹಳೆಯ ರೈಲು ನಿಲ್ದಾಣದತ್ತ ಒಮ್ಮೆ ಹೋಗಿ ಬರಬೇಕು.

1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ಅಂದರೆ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು. ಧಾನ್ಯ ಎಲ್ಲಿಯೂ ಇರಲಿಲ್ಲವೆಂದಲ್ಲ. ಮದರಾಸಿನ ಕಡೆಯಿಂದ ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಮೂಟೆಗಳನ್ನು ಅಲ್ಲಿಂದ ಒಳನಾಡಿಗೆ ಸಾಗಿಸಲು ಎತ್ತುಗಳೇ ಬದುಕಿರಲಿಲ್ಲ. ಬರ ಪರಿಹಾರದ ಕಾಮಗಾರಿಯಾಗಿ ಹಸಿದ ಜನರಿಂದ ಮಣ್ಣು ಹೊರಿಸಿ ಬೆಂಗಳೂರು ಮೈಸೂರು ರೈಲು ದಾರಿಯ ಏರಿ ಹಾಕಲಾಯಿತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿದಾಗ ದಿವಾನ ರಂಗಾಚಾರ್ಲು ಅವರು ರೈಲಿಗೆ ಒತ್ತು ಕೊಟ್ಟದ್ದರ ಹಿಂದೆ ಆ ಹೆಣಗಳ ನೆನಪು ಇತ್ತು. 1884ರಲ್ಲಿ ತುಮಕೂರಿಗೆ, ಅದರ ಬೆನ್ನಲ್ಲೇ ಗುಬ್ಬಿಗೆ ಮೀಟರ್ ಗೇಜ್ ಗಾಡಿ ಬಂತು. 1886ರಲ್ಲಿ ಸಾಲದ ಭಾರಕ್ಕೆ ಸಂಸ್ಥಾನ ತನ್ನ ರೈಲನ್ನು ಸದರನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಬೇಕಾಯಿತು. 1889ರ ಹೊತ್ತಿಗೆ ಗುಬ್ಬಿಯಿಂದ ಮುಂದೆ ಅರಸೀಕೆರೆಯ ಮೇಲೆ ಹರಿಹರದವರೆಗೆ ದಾರಿ ಕೂಡಿತು.

ಇದೇ 1884ರಲ್ಲಿ ಗುಬ್ಬಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಗುಬ್ಬಿಯ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು ಆ ವರ್ಷವೇ. ರೈಲಿಗೂ ನಾಟಕಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಪರದೆ, ಪೆಟ್ಟಿಗೆ, ವೇಷ, ಭೂಷಣ, ನಟರು, ಅವರ ಸಂಸಾರಗಳನ್ನೆಲ್ಲ ಹೊತ್ತು ಊರಿಂದೂರಿಗೆ ಹೋಗುವ ಕಂಪನಿಗಳ ಯುಗಕ್ಕೆ ಎತ್ತಿನ ಗಾಡಿ ಸಾಲುತ್ತಿರಲಿಲ್ಲ. ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಆ ಕಂಪನಿ ನಾಡಿಗೇ ಹೆಸರಾಯಿತು. ಅದರ ರಂಗಸ್ಥಳದಲ್ಲಿಯೂ ಟೆಂಟಿನ ಮುಂದೆಯೂ ಯಾವ ಯಾವ ಜಾತಿ ಮತದ ಜನ ಕೂಡಿದರು ಎಂಬುದು ನಮ್ಮ ರಂಗಭೂಮಿ ಬಲ್ಲವರಿಗೆ ಗೊತ್ತು. ದುಡ್ಡು ಕೊಟ್ಟವನಿಗೆ ಚಾಪೆಯೋ ಕುರ್ಚಿಯೋ ಸಿಗುತ್ತಿತ್ತು. ಕುಲ ಗೋತ್ರ ಕೇಳುತ್ತಿರಲಿಲ್ಲ. ನಮಗೆ ಅನ್ನಿಸುವಂತೆ, ಟಿಕೆಟ್ ಎಂಬ ಆ ಸಣ್ಣ ರಟ್ಟಿನ ತುಂಡು ಈ ದೇಶದ ಸಾಮಾಜಿಕ ಚರಿತ್ರೆಯಲ್ಲಿ ಪಡೆಯಬೇಕಾದಷ್ಟು ಗೌರವವನ್ನು ಇನ್ನೂ ಪಡೆದಿಲ್ಲ. ಹೊತ್ತವನ ಹೆಸರನ್ನೂ ಅವನ ತಂದೆಯ ಹೆಸರನ್ನೂ ಕೇಳದ ಕಾಗದ ಅದಕ್ಕಿಂತ ಮೊದಲು ನಮ್ಮಲ್ಲಿ ಎಷ್ಟಿದ್ದವು?

ಕುಣಿಗಲ್ಲಿನ ಕಥೆ ಬೇರೆ. ಟಿಪ್ಪು ಸುಲ್ತಾನರ ಕಾಲದಿಂದ ಸೈನ್ಯದ ಕುದುರೆಗಳನ್ನು ಸಾಕಿದ ಊರದು. ಓಡಾಟ ಎಂದರೆ ಆಗ ಕುದುರೆ ಇದ್ದವನದು, ಇಲ್ಲದವನು ನಡೆಯುತ್ತಿದ್ದ. ಗುಬ್ಬಿಗೆ 1884ರಲ್ಲಿ ಬಂದ ರೈಲು ಅದೇ ಜಿಲ್ಲೆಯ ಕುಣಿಗಲ್ಲಿಗೆ ಬಂದದ್ದು 2017ರ ಮಾರ್ಚ್‌ನಲ್ಲಿ. ಬೆಂಗಳೂರು ಹಾಸನ ನೇರ ಮಾರ್ಗ ಮಂಜೂರಾದ ಮೇಲೂ ಇಪ್ಪತ್ತು ವರ್ಷ ಕಾದು, ನೂರಮೂವತ್ತಮೂರು ವರ್ಷಗಳ ಅಂತರದಲ್ಲಿ. ಈ ನಡುವೆ ನಾಲ್ಕೈದು ತಲೆಮಾರುಗಳು ಅಲ್ಲಿ ಹುಟ್ಟಿ ಸತ್ತವು. ಇಷ್ಟು ಕಾದ ಊರಿನವರಿಗೆ ನಿಲ್ದಾಣ ಎಂದರೆ ಬರಿಯ ಸಿಮೆಂಟಿನ ಕಟ್ಟಡವಲ್ಲ. ನಮ್ಮನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ ಎಂಬ ಗುರುತು ಅದು. ಬಾಗಿಲಲ್ಲಿ ತಡೆಯುವುದರ ನೋವು ಯಾಕೆ ಅಷ್ಟು ಆಳ ಎಂಬುದು ಇದರಿಂದ ಅರ್ಥವಾಗಬೇಕು. ಮೂರನೆಯವನ ಮನೆಗೆ ಹೋಗಿ ಹೊರಗೆ ನಿಂತದ್ದಲ್ಲ. ತನ್ನದೆಂದು ನಂಬಿದ ಮನೆಯ ಹೊಸ್ತಿಲಲ್ಲಿ ನಿಂತದ್ದು.

ಹಾಗೆಂದು ಹಳೆಯ ರೈಲನ್ನು ಸಮಾನತೆಯ ತೊಟ್ಟಿಲೆಂದು ಹಾಡಿ ಹೊಗಳುವುದೂ ಸರಿಯಲ್ಲ. ದೇಶದ ಅನೇಕ ನಿಲ್ದಾಣಗಳಲ್ಲಿ ಹಿಂದೂಗಳಿಗೆ ಬೇರೆ ನೀರು, ಮುಸ್ಲಿಮರಿಗೆ ಬೇರೆ ನೀರು ಇರುತ್ತಿತ್ತು. ಒಂದೇ ಬೆಂಚಿನ ಮೇಲೆ ಮೈಗೆ ಮೈ ತಾಗಿಸಿ ಕುಳಿತು ಬಂದವರು ಬಾಯಾರಿದಾಗ ಎರಡು ಕೊಡಗಳ ಕಡೆಗೆ ಇಳಿದು ಹೋಗುತ್ತಿದ್ದರು. ಬ್ರಿಟಿಷರು ಇದನ್ನು ಜನರ ಸಂಪ್ರದಾಯಕ್ಕೆ ಕೊಟ್ಟ ಮರ್ಯಾದೆ ಎಂದರು. ಜನರು ಸರಕಾರದ ವ್ಯವಸ್ಥೆ ಎಂದರು. ಹೀಗೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾ ಎರಡು ಕೊಡಗಳು ದಶಕಗಟ್ಟಲೆ ಉಳಿದುಕೊಂಡವು.

ಡಾ. ಅಂಬೇಡ್ಕರ್ ಅವರು ತಮ್ಮ ಬಾಲ್ಯದ ನೆನಪುಗಳಲ್ಲಿ ಮಸೂರ್ ಎಂಬ ರೈಲು ನಿಲ್ದಾಣವೊಂದರ ಸಂಗತಿ ಬರೆದಿದ್ದಾರೆ. 1901ರ ಸುಮಾರು. ಸಾತಾರಾದಿಂದ ತಂದೆಯನ್ನು ಕಾಣಲು ಹೊರಟ ಮಕ್ಕಳು ರೈಲಿಳಿದು ನಿಂತಿದ್ದರು. ಹೊಸ ಬಟ್ಟೆ ತೊಟ್ಟು ಅಚ್ಚುಕಟ್ಟಾಗಿದ್ದ ಮಕ್ಕಳನ್ನು ಕಂಡು ಸ್ಟೇಷನ್ ಮಾಸ್ತರರು ಅಕ್ಕರೆಯಿಂದಲೇ ವಿಚಾರಿಸಿದರು. ತಾವು ಮಹಾರರು ಎಂದು ಹುಡುಗ ಹೇಳಿದ ಕೂಡಲೇ ಅವರ ಮುಖ ಬದಲಾಯಿತು. ಎತ್ತಿನ ಗಾಡಿಯವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆಯುವುದು, ಗಾಡಿಯವನು ಪಕ್ಕದಲ್ಲಿ ನಡೆದು ಬರುವುದು ಎಂದು ಒಪ್ಪಂದವಾಯಿತು. ಆ ನಿಲ್ದಾಣ ಇದ್ದದ್ದೂ ಸದರನ್ ಮರಾಠಾ ಕಂಪನಿಯ ಹಳಿಯ ಮೇಲೆಯೇ. ಅದೇ ಕಾಲದಲ್ಲಿ ಗುಬ್ಬಿಯ ರೈಲನ್ನು ನಡೆಸುತ್ತಿದ್ದ ಕಂಪನಿ.

ಈ ಎರಡು ದೃಶ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಮಸೂರಿನಲ್ಲಿ ಬಟ್ಟೆ ಚೆನ್ನಾಗಿತ್ತು, ಹೆಸರು ಹೇಳಿದಾಗ ಬಾಗಿಲು ಮುಚ್ಚಿತು. ರಾಜಾಜಿನಗರದಲ್ಲಿ ಹೆಸರನ್ನು ಯಾರೂ ಕೇಳಲೇ ಇಲ್ಲ, ಬಟ್ಟೆ ನೋಡಿಯೇ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ನಾವು ಸಾಧಿಸಿದ ಪ್ರಗತಿ ಎಂದರೆ ಇದೇನೋ. ಕೇಳಬಾರದ ಪ್ರಶ್ನೆಯನ್ನು ಕೇಳದಿರಲು ಕಲಿತೆವು. ಆದರೆ ಕೇಳದೆಯೇ ಉತ್ತರ ಊಹಿಸಿಕೊಳ್ಳುವುದನ್ನು ಬಿಡಲಿಲ್ಲ. ಮುದುಡಿದ ಅಂಗಿ, ಮಣ್ಣು ಹಿಡಿದ ಪಂಚೆ, ತಲೆಯ ಮೇಲಿನ ಗಂಟು, ಇವೆಲ್ಲ ನಗರದ ಕಣ್ಣಿಗೆ ಒಂದು ಬಗೆಯ ಜಾತಿ ಪ್ರಮಾಣಪತ್ರದಂತೆ ಕೆಲಸ ಮಾಡುತ್ತವೆ. ಗಡ್ಡ, ಟೋಪಿ, ಬುರ್ಖಾಗಳ ಮೇಲೆ ಕೆಲವು ಕಣ್ಣುಗಳು ಎರಡು ಕ್ಷಣ ಹೆಚ್ಚು ನಿಲ್ಲುತ್ತವೆ ಎಂಬುದನ್ನು ನಮ್ಮ ಓದುಗರಲ್ಲಿ ಅನೇಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆ ಕಣ್ಣು ಮತ್ತು ರೈತನನ್ನು ತಡೆದ ಕಣ್ಣು ಬೇರೆ ಬೇರೆಯಲ್ಲ. ಆದ್ದರಿಂದ ರೈತನ ಅವಮಾನ ರೈತರ ಸಂಘದವರು ನೋಡಿಕೊಳ್ಳಬೇಕಾದ ವಿಷಯ ಎಂದು ಉಳಿದವರು ಸುಮ್ಮನಿರುವಂತಿಲ್ಲ. ಅಂದು ನಿಲ್ದಾಣದಲ್ಲಿ ನಿಂತು ವಾದಿಸಿದ ಸಹಪ್ರಯಾಣಿಕರಿಗೆ ಆ ರೈತ ನೆಂಟನಲ್ಲ, ಪರಿಚಿತನೂ ಅಲ್ಲ. ಅವರಿಗೆ ರೈಲು ತಪ್ಪಿರಬಹುದು, ಕೆಲಸಕ್ಕೆ ತಡವಾಗಿರಬಹುದು. ಆದರೂ ನಿಂತರು. ಈ ಇಡೀ ಪ್ರಸಂಗದಲ್ಲಿ ಸಂಸ್ಥೆಯ ವಿಷಾದಕ್ಕಿಂತ ಹೆಚ್ಚು ಗಮನಕ್ಕೆ ಅರ್ಹವಾದದ್ದು ಅದೇ ಎಂದು ನಮ್ಮ ಭಾವನೆ.

ಇಲ್ಲಿ ಎದುರು ಪಕ್ಷದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಸಾರ್ವಜನಿಕ ಸ್ಥಳವೆಂದರೆ ನಿಯಮವೇ ಇಲ್ಲದ ಸ್ಥಳವಲ್ಲ. ಮುಚ್ಚಿದ ಬೋಗಿ, ಹವಾನಿಯಂತ್ರಣ, ಉಸಿರಿಗೆ ಉಸಿರು ತಾಗುವ ದಟ್ಟಣೆ. ನೂರಾರು ಜನ ಒಟ್ಟಿಗೆ ಕೂರುವಲ್ಲಿ ಒಬ್ಬನ ಅಶುಚಿ ಇನ್ನೊಬ್ಬನಿಗೆ ತೊಂದರೆಯಾದರೆ ಅದನ್ನು ತಡೆಯಬಾರದೇ? ಮೆಟ್ರೊ ಸ್ವಚ್ಛವಾಗಿ ಉಳಿದಿದೆ, ನಮ್ಮ ಬಸ್ ನಿಲ್ದಾಣಗಳಂತೆ ಎಲೆಯಡಿಕೆಯ ಉಗುಳಿನಿಂದ ಕೆಂಪಾಗಿಲ್ಲ ಎಂದರೆ ಅದಕ್ಕೆ ಕಟ್ಟುನಿಟ್ಟೇ ಕಾರಣ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಶುಚಿಯನ್ನು ಶ್ರೀಮಂತರ ಶೋಕಿ ಎಂದು ಹಳಿಯುವುದು ಬಡವರಿಗೆ ಮಾಡುವ ಇನ್ನೊಂದು ಅವಮಾನ. ಬಡವನ ಮನೆಯ ಅಂಗಳ ಎಷ್ಟು ಚೊಕ್ಕಟವಾಗಿರುತ್ತದೆ ಎಂಬುದನ್ನು ಗುಬ್ಬಿ ತಾಲೂಕಿನ ಯಾವ ಹಳ್ಳಿಗೆ ಹೋದರೂ ಕಾಣಬಹುದು.

ಆದರೆ ನಿಯಮಗಳಲ್ಲಿ ಎರಡು ಬಗೆ. ಉಗುಳಬಾರದು, ಸಾಲು ಮುರಿಯಬಾರದು, ಬಾಗಿಲಿಗೆ ಅಡ್ಡ ನಿಲ್ಲಬಾರದು, ಇವು ಮನುಷ್ಯ ಏನು ಮಾಡುತ್ತಾನೆ ಎಂಬುದಕ್ಕೆ ಸಂಬಂಧಿಸಿದವು. ಯಾರು ಮಾಡಿದರೂ ತಪ್ಪೇ. ಕೋಟು ಹಾಕಿದವನು ಉಗುಳಿದರೂ ಪಂಚೆ ಉಟ್ಟವನು ಉಗುಳಿದರೂ ಒಂದೇ ದಂಡ. ಇನ್ನೊಂದು ಬಗೆಯ ನಿಯಮ ಮನುಷ್ಯ ಹೇಗೆ ಕಾಣುತ್ತಾನೆ ಎಂಬುದರ ಮೇಲೆ ನಿಲ್ಲುತ್ತದೆ. ಅವನು ಇನ್ನೂ ಏನನ್ನೂ ಮಾಡಿಲ್ಲ. ಮಾಡಬಹುದು ಎಂಬ ಶಂಕೆಯೂ ಅಷ್ಟಾಗಿ ಇಲ್ಲ. ಅವನ ಇರವೇ ತಪ್ಪು. ಮೊದಲನೆಯ ಬಗೆಯನ್ನು ಎಷ್ಟು ಬಿಗಿ ಮಾಡಿದರೂ ಯಾರ ಮರ್ಯಾದೆಗೂ ಕುಂದಿಲ್ಲ. ಎರಡನೆಯದು ಎಷ್ಟು ಸಡಿಲವಾಗಿದ್ದರೂ ಅವಮಾನವೇ.

ಕೊಳೆ ಇವೆರಡರ ಗಡಿಯಲ್ಲಿ ನಿಂತಿದೆ ಎಂದು ಯಾರಾದರೂ ಹೇಳಿಯಾರು. ಒಪ್ಪೋಣ. ಆದರೆ ಕೊಳೆಯಲ್ಲಿಯೂ ಭೇದವಿಲ್ಲವೇ? ಹೊಲದ ಮಣ್ಣು, ಗ್ಯಾರೇಜಿನ ಎಣ್ಣೆ, ಸುಣ್ಣ ಬಳಿಯುವವನ ಮೈಮೇಲಿನ ಬಿಳಿ ಹನಿ, ಕೊಬ್ಬರಿ ಸುಲಿಯುವವನ ಕೈಯ ಕಪ್ಪು, ಇವು ದುಡಿಮೆ ಬಿಟ್ಟು ಹೋದ ಗುರುತುಗಳು. ಸಂಜೆ ಪೀಣ್ಯದ ಕಾರ್ಖಾನೆಯಿಂದ ಹೊರಬಂದು ಮೆಟ್ರೊ ಹತ್ತುವವನು ಮೊದಲು ಎಲ್ಲಿ ಸ್ನಾನ ಮಾಡಬೇಕು? ಅವನಿಗೆ ಸ್ನಾನದ ಕೋಣೆ ಒದಗಿಸದ ನಗರಕ್ಕೆ ಅವನ ಬೆವರನ್ನು ಪ್ರಶ್ನಿಸುವ ನೈತಿಕ ಹಕ್ಕು ಎಲ್ಲಿಂದ ಬಂತು? ಆ ನಿಲ್ದಾಣದ ಕಂಬಗಳನ್ನು ಎರಕ ಹೊಯ್ದವರು, ನೆಲಕ್ಕೆ ಗ್ರಾನೈಟ್ ಹಾಸಿದವರು ಕೆಲಸದ ವೇಳೆ ಯಾವ ಬಟ್ಟೆ ತೊಟ್ಟಿದ್ದರೋ, ಉದ್ಘಾಟನೆಯ ಮರುದಿನ ಅದೇ ಬಟ್ಟೆಯಲ್ಲಿ ಅವರು ಬಂದಿದ್ದರೆ ಒಳಗೆ ಬಿಡುತ್ತಿದ್ದರೇ ಎಂಬುದು ಸಂಶಯ.

ಇನ್ನು ಕೆಲಸ ಕಳೆದುಕೊಂಡ ಮೇಲ್ವಿಚಾರಕರ ವಿಷಯ. ನಮಗೆ ಈ ಭಾಗ ಹೆಚ್ಚು ತೊಡಕಿನದು ಎನ್ನಿಸುತ್ತದೆ. ಶಿಕ್ಷೆಯ ಸುದ್ದಿ ಕೇಳಿ ಎಲ್ಲರಿಗೂ ಸಮಾಧಾನವಾಯಿತು. ಆದರೆ ಭದ್ರತಾ ಸಿಬ್ಬಂದಿ ಎಂದರೆ ಯಾರು? ಗುತ್ತಿಗೆಯಲ್ಲಿ ದುಡಿಯುವ, ದಿನವಿಡೀ ನಿಂತೇ ಇರುವ, ಬಹುಪಾಲು ತಾವೂ ಹಳ್ಳಿಗಳಿಂದ ಬಂದ ಜನ. ಅವರಲ್ಲಿ ಒಬ್ಬರ ತಂದೆಯೇ ತಲೆಯ ಮೇಲೆ ಗಂಟಿಟ್ಟುಕೊಂಡು ಬಂದಿದ್ದರೆ? ಅಂಥವರಿಗೆ ರೈತನನ್ನು ತಡೆಯಬೇಕೆಂದು ತೋಚಿದ್ದು ಯಾಕೆ? ಕೊಳೆ ಬಟ್ಟೆಯವರನ್ನು ಬಿಡಬೇಡಿ ಎಂದು ಎಲ್ಲಿಯೂ ಬರೆದಿರಲಿಲ್ಲ. ಬರೆಯದ ನಿಯಮವನ್ನು ಅವರು ಸುತ್ತಲಿನ ಮುಖಗಳಿಂದ ಓದಿಕೊಂಡಿದ್ದರು. ಪಕ್ಕದಲ್ಲಿ ಕೂಲಿಯವನು ಬಂದು ಕುಳಿತಾಗ ಸರಿದು ಕೂರುವ ಪ್ರಯಾಣಿಕ, ಮೂಗು ಮುಚ್ಚಿಕೊಳ್ಳುವ ಹೆಣ್ಣುಮಗಳು, ಇಂಥವರನ್ನೆಲ್ಲ ಯಾಕೆ ಬಿಡುತ್ತೀರಿ ಎಂದು ದೂರುವ ದೊಡ್ಡ ಮನುಷ್ಯ, ಹೀಗೆ ಎಷ್ಟೋ ಜನ ಸೇರಿ ಆ ನಿಯಮವನ್ನು ಬರೆಯುತ್ತಾರೆ. ಜಾರಿಗೆ ತರುವವನು ಒಬ್ಬ, ಸಿಕ್ಕಿಬೀಳುವವನೂ ಅವನೇ. ಅವನ ಕೃತ್ಯವನ್ನು ನಾವು ಸಮರ್ಥಿಸುತ್ತಿಲ್ಲ. ಆದರೆ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿ ನಿಂತವನನ್ನು ತೆಗೆದುಹಾಕಿ ಮೇಲಿನ ಮೆಟ್ಟಿಲುಗಳೆಲ್ಲ ಕೈ ತೊಳೆದುಕೊಂಡರೆ ಅದನ್ನು ನ್ಯಾಯವೆನ್ನಲು ಮನಸ್ಸು ಒಪ್ಪುವುದಿಲ್ಲ. ಒಬ್ಬರ ಸಂಬಳ ನಿಂತಿತು. ನಿಯಮ ಮಾತ್ರ ಏಪ್ರಿಲ್‌ನಲ್ಲಿ ಮತ್ತೆ ಹಾಜರಾಯಿತು.

ಮೆಟ್ರೊದಲ್ಲಿ ಒಂದು ದೊಡ್ಡ ಗುಣವಿದೆ, ಅದನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ಅಲ್ಲಿ ದರ್ಜೆಗಳಿಲ್ಲ. ಭಾರತೀಯ ರೈಲ್ವೆಯಲ್ಲಿ ಮೂರನೇ ದರ್ಜೆ ಎಂಬ ಹೆಸರು 1974ರವರೆಗೂ ಇತ್ತು. 1917ರಲ್ಲಿ ಗಾಂಧೀಜಿ ಆ ಬೋಗಿಗಳ ದುರವಸ್ಥೆಯ ಬಗ್ಗೆ ಬರೆದಿದ್ದರು. ಹೆಸರು ಹೋದ ಮೇಲೂ ಹವಾನಿಯಂತ್ರಿತ ಬೋಗಿಗೂ ಸಾಮಾನ್ಯ ಬೋಗಿಗೂ ನಡುವಿನ ಗೋಡೆ ಹೋಗಲಿಲ್ಲ. ನಮ್ಮ ಮೆಟ್ರೊದಲ್ಲಿ ಆ ಗೋಡೆ ಇಲ್ಲ. ಸಾಫ್ಟ್‌ವೇರ್ ಎಂಜಿನಿಯರ್ ಮತ್ತು ಗಾರೆ ಕೆಲಸದವ ಒಂದೇ ಬೋಗಿ, ಒಂದೇ ತಂಪು, ಒಂದೇ ಕಂಬ ಹಿಡಿದು ನಿಲ್ಲುತ್ತಾರೆ. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದ ಸಾಲನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟ ಶಿವಕುಮಾರ ಸ್ವಾಮೀಜಿಯವರು 2019ರ ಜನವರಿಯಲ್ಲಿ ನಿಧನರಾದಾಗ ಕಣ್ಣೀರಿಟ್ಟವರಲ್ಲಿ ಎಲ್ಲ ಧರ್ಮದವರೂ ಇದ್ದರು. ಮಸೀದಿಯಲ್ಲಿಯೂ ಮೊದಲು ಬಂದವನಿಗೆ ಮೊದಲ ಸಾಲು. ಸಾಹುಕಾರ ತಡವಾಗಿ ಬಂದರೆ ಹಮಾಲಿಯ ಹಿಂದೆ ನಿಲ್ಲುತ್ತಾನೆ. ಇಂಥ ಸಾಲುಗಳು ನಮ್ಮಲ್ಲಿ ಬಹಳ ಇಲ್ಲ. ಸರಕಾರ ಕಟ್ಟಿದ ಒಂದು ಯಂತ್ರದೊಳಗೆ ಅಂಥ ಸಾಲೊಂದು ತಾನಾಗಿ ಏರ್ಪಟ್ಟಿದೆ ಎಂಬುದು ಸಣ್ಣ ಮಾತಲ್ಲ. ಆದರೆ ಬೋಗಿಯಿಂದ ಹೊರಹಾಕಿದ ದರ್ಜೆ ಎಲ್ಲಿಗೆ ಹೋಯಿತು? ಅದು ಬಂದು ನಿಲ್ದಾಣದ ಬಾಗಿಲಲ್ಲಿ ಕುಳಿತಿತು. ಒಳಗೆ ಎಲ್ಲರೂ ಸಮಾನರು, ಸರಿ. ಒಳಗೆ ಬರಬಲ್ಲ ಎಲ್ಲರೂ.

ಬಾಗಿಲಲ್ಲಿ ನಿಂತ ಇನ್ನೊಬ್ಬ ಕಾವಲುಗಾರನಿಗೆ ಸಮವಸ್ತ್ರವಿಲ್ಲ. ಅವನ ಹೆಸರು ದರ. 2025ರ ಫೆಬ್ರವರಿಯಲ್ಲಿ ಮೆಟ್ರೊ ಟಿಕೆಟ್ಟಿನ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಜನ ರೇಗಿದರು, ಕೆಲವು ದೂರಗಳಿಗೆ ಏರಿಕೆಯನ್ನು ತುಸು ತಗ್ಗಿಸಲಾಯಿತು. ಅದರ ಒಂದು ವರ್ಷ ಮೊದಲು, 2024ರ ಫೆಬ್ರವರಿಯಲ್ಲೇ, ಕೊರೋನಾ ಕಾಲದಲ್ಲಿ 30 ರೂಪಾಯಿಗೆ ಏರಿಸಿದ್ದ ಸಾಮಾನ್ಯ ರೈಲಿನ ಕನಿಷ್ಠ ದರವನ್ನು ರೈಲ್ವೆ ಮತ್ತೆ 10ಕ್ಕೆ ಇಳಿಸಿತ್ತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರು ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಗುಬ್ಬಿಯಿಂದ ಸೊಪ್ಪಿನ ಬುಟ್ಟಿ ಹೊತ್ತ ಅಜ್ಜಿ ತುಮಕೂರಿಗೆ ಹೋಗಿ ಬರುವುದು ಇಂಥ ಬಸ್ಸಿನಲ್ಲೇ. ಕಂಡಕ್ಟರ್ ಬುಟ್ಟಿಗೆ ಗೊಣಗಿಯಾನು, ಕೋಳಿಗೆ ಅರ್ಧ ಟಿಕೆಟ್ ಹರಿದುಕೊಟ್ಟದ್ದೂ ಉಂಟು, ಆದರೆ ಸೀರೆ ಕೊಳೆ ಎಂದು ಇಳಿಸಿದ್ದನ್ನು ನಾವು ಕೇಳಿಲ್ಲ. ಮಾದಾವರದಿಂದ ತುಮಕೂರಿಗೆ ಮೆಟ್ರೊ ಬಂದರೆ ಟಿಕೆಟ್ ಎಷ್ಟಾದೀತು? ಖಾಸಗಿ ಸಹಭಾಗಿತ್ವದಲ್ಲಿ ಮಾಡುವ ಮಾತು ಬಜೆಟ್ಟಿನಲ್ಲೇ ಬಂದಿದೆ. ಹಣ ಹಾಕಿದವರು ಹಣ ತೆಗೆಯಲು ನೋಡುವುದು ಲೋಕರೂಢಿ.

ದರದ ಕಾವಲುಗಾರ ಎಷ್ಟು ಚಾಲಾಕಿ ಎಂದರೆ ಅವನು ಯಾರನ್ನೂ ಬಾಗಿಲ ತನಕ ಬರಲೇ ಬಿಡುವುದಿಲ್ಲ. ತಡೆದದ್ದಕ್ಕೆ ಸಾಕ್ಷಿ ಇಲ್ಲ, ಮೊಬೈಲಿನಲ್ಲಿ ವಿಡಿಯೋ ಇಲ್ಲ, ಪರವಾಗಿ ವಾದಿಸುವ ಸಹಪ್ರಯಾಣಿಕರಿಲ್ಲ. ಯಾರ ಕೆಲಸವೂ ಹೋಗುವುದಿಲ್ಲ. ಬರದೇ ಉಳಿದವನು ತನ್ನ ಮನೆಯಲ್ಲಿ ಲೆಕ್ಕ ಹಾಕಿ, ಆಗುವುದಿಲ್ಲ ಎಂದು ಸುಮ್ಮನಾಗುತ್ತಾನೆ. ಬಟ್ಟೆಯ ಕಾರಣಕ್ಕೆ ಒಬ್ಬನನ್ನು ತಡೆದಾಗ ಕುದಿಯುವ ನಮ್ಮ ಮನಸ್ಸು ದರದ ಕಾರಣಕ್ಕೆ ಸಾವಿರ ಜನ ಹೊರಗುಳಿದಾಗ ಯಾಕೆ ತಣ್ಣಗಿರುತ್ತದೆ? ಮೊದಲನೆಯದರಲ್ಲಿ ಮುಖವಿದೆ, ಎರಡನೆಯದರಲ್ಲಿ ಅಂಕಿ ಮಾತ್ರ ಎಂಬುದಲ್ಲದೆ ಬೇರೆ ಉತ್ತರ ನಮಗೆ ಕಾಣುವುದಿಲ್ಲ. ಎಲ್ಲ ಸಾರಿಗೆಯೂ ಪುಕ್ಕಟೆಯಾಗಲಿ ಎಂದು ನಾವು ಹೇಳುತ್ತಿಲ್ಲ. ಹಳಿಗೆ, ವಿದ್ಯುತ್ತಿಗೆ, ಸಂಬಳಕ್ಕೆ ಹಣ ಬೇಕು. ಆದರೆ ಸಾರ್ವಜನಿಕರ ತೆರಿಗೆ ಮತ್ತು ಸಾಲದಿಂದ ಎದ್ದ ಕಟ್ಟಡದ ಒಳಗೆ ಹೋಗಲು ಆ ಸಾರ್ವಜನಿಕರಲ್ಲೇ ಅರ್ಧ ಮಂದಿಗೆ ಕೈಲಾಗದಿದ್ದರೆ, ಅದನ್ನು ಸಾರ್ವಜನಿಕ ಎಂದು ಕರೆಯುವುದರಲ್ಲಿ ಏನೋ ಸುಳ್ಳಿದೆ.

ಭೂಮಿಯ ವಿಷಯ ಇನ್ನೂ ಬಾಕಿ. ನಾಗಸಂದ್ರದಿಂದ ಮಾದಾವರಕ್ಕೆ ಇರುವುದು ಮೂರು ಕಿಲೋಮೀಟರು ಚಿಲ್ಲರೆ. ಆ ಮೂರು ಕಿಲೋಮೀಟರು ವರ್ಷಗಟ್ಟಲೆ ತಡವಾದದ್ದಕ್ಕೆ ಜಾಗ ಪಡೆಯುವ ತೊಡಕು ಒಂದು ಕಾರಣ. ಅರವತ್ತು ಕಿಲೋಮೀಟರಿನ ದಾರಿ ಹೆದ್ದಾರಿಯ ಮೇಲೇ ಸಾಗಿದರೂ ನಿಲ್ದಾಣಗಳಿಗೆ, ಡಿಪೋಗೆ, ವಾಹನ ನಿಲುಗಡೆಗೆ ನೆಲ ಬೇಕು. ಅದು ಬರುವುದು ರಾಗಿ, ಅವರೆ ಬೆಳೆಯುವವನ ಹೊಲದಿಂದ, ತೆಂಗು ಅಡಿಕೆಯ ತೋಟದಿಂದ. ನೆಲ ಕೊಟ್ಟವನಿಗೆ ಪರಿಹಾರ ಸಿಗಬಹುದು. ಅದನ್ನು ಕೊಟ್ಟ ಮೇಲೆ ಅವನಿಗೂ ನಮಗೂ ಲೆಕ್ಕ ಚುಕ್ತಾ ಎಂದು ಸರಕಾರ ತಿಳಿಯುತ್ತದೆ. ತಲೆಮಾರುಗಳಿಂದ ಉತ್ತ ನೆಲದ ಮೇಲೆ ಎದ್ದ ನಿಲ್ದಾಣದಲ್ಲಿ, ಅದೇ ನೆಲದ ಮಣ್ಣು ಕಾಲಿಗೆ ಅಂಟಿದೆ ಎಂಬ ಕಾರಣಕ್ಕೆ ಅವನು ಹೊರಗೆ ನಿಲ್ಲುವ ದಿನ ಬಂದರೆ, ಯಾವ ಪರಿಹಾರ ಸಮಿತಿ ಅದರ ದರ ನಿಗದಿ ಮಾಡೀತು?

ನಿಲ್ದಾಣಗಳ ಹೆಸರಿನ ಬಗ್ಗೆಯೂ ಒಂದು ಮಾತು ನೆನಪಾಗುತ್ತದೆ. ಗುಬ್ಬಿ, ನಿಟ್ಟೂರುಗಳನ್ನು ದಾಟಿದ ಮೇಲೆ ಅರಸೀಕೆರೆಯ ಹಾದಿಯಲ್ಲಿ ಸಂಪಿಗೆ ರೋಡ್ ಎಂಬ ಪುಟ್ಟ ರೈಲು ನಿಲ್ದಾಣವಿದೆ. ಸಂಪಿಗೆ ಎಂಬ ಹಳ್ಳಿಗೆ ಹೋಗುವವರು ಇಳಿಯುವ ಜಾಗ. ಬೆಂಗಳೂರಿನ ಮೆಟ್ರೊದಲ್ಲೂ ಸಂಪಿಗೆ ರಸ್ತೆ ನಿಲ್ದಾಣವಿದೆ, ಆದರೆ ಅದರ ಹಿಂದೆ ಪಕ್ಕದ ಮಾಲಿನ ಹೆಸರೂ ಸೇರಿಕೊಂಡಿತು. 2025ರ ಆಗಸ್ಟ್‌ನಲ್ಲಿ ತೆರೆದ ಹಳದಿ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ, ಬೊಮ್ಮಸಂದ್ರಗಳ ಹೆಸರಿಗೆ ಮೊದಲು ಕಂಪನಿಗಳ, ಪ್ರತಿಷ್ಠಾನಗಳ ಹೆಸರುಗಳು ಬಂದು ಕುಳಿತಿವೆ. ನಿಲ್ದಾಣ ಕಟ್ಟಲು ಹಣ ಕೊಟ್ಟವರ ಹೆಸರು ಇರಲಿ, ತಪ್ಪೇನು ಎನ್ನಬಹುದು. ನೆಲ ಕೊಟ್ಟವರ ಹೆಸರು ಯಾವ ಫಲಕದ ಮೇಲೂ ಇಲ್ಲ ಎಂಬುದನ್ನಷ್ಟೇ ನಾವು ಗಮನಿಸಿದೆವು.

ತುಮಕೂರಿನ ಮಾರ್ಗ ಸದ್ಯ ಕಾಗದದ ಮೇಲಿದೆ. ಕಾಗದದ ಮೇಲಿರುವಾಗಲೇ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ, ಕಾಂಕ್ರೀಟಾದ ಮೇಲೆ ಕೇಳಿ ಫಲವಿಲ್ಲ. ಚೀಲ ತಪಾಸಣೆಯ ಯಂತ್ರದ ಬಾಯಿ ಎಷ್ಟು ಅಗಲ? ಈಗಿನ ಅಳತೆಗೆ ಲ್ಯಾಪ್‌ಟಾಪ್ ಚೀಲ ಹಿಡಿಯುತ್ತದೆ, ಅಳತೆ ಮೀರಿದ ಗಂಟಿಗೆ ಪ್ರತ್ಯೇಕ ಟಿಕೆಟ್ ಕೇಳುತ್ತಾರೆ. ನೆಲಮಂಗಲದ ಆಚೆಯ ನಿಲ್ದಾಣಗಳಲ್ಲಿ ಹತ್ತುವವರ ಕೈಯಲ್ಲಿ ತರಕಾರಿ ಚೀಲವೂ ತೆಂಗಿನಕಾಯಿಯ ಮೂಟೆಯೂ ಇರುತ್ತದೆ ಎಂಬುದು ನಕ್ಷೆ ಬರೆಯುವವರಿಗೆ ಗೊತ್ತಿದೆಯೇ? ಕೆಲಸ ಮುಗಿಸಿ ಬಂದವನಿಗೆ ಕೈಕಾಲು ತೊಳೆಯಲು ಟಿಕೆಟ್ ಕೌಂಟರಿನ ಈಚೆಗೇ ಒಂದು ನಲ್ಲಿ ಇರುತ್ತದೆಯೇ? ಯಾರನ್ನು ಯಾವ ಕಾರಣಕ್ಕೆ ತಡೆಯಬಹುದು ಎಂಬುದನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, ಬಾಗಿಲ ಹೊರಗಡೆ ಬರೆದು ಹಾಕುತ್ತಾರೆಯೇ? ತಡೆದವರು ಕಾರಣವನ್ನು ಒಂದು ಚೀಟಿಯಲ್ಲಿ ಬರೆದು ಕೈಗೆ ಕೊಡಬೇಕೆಂದು ನಿಯಮವಾದರೆ ಇನ್ನೂ ಒಳ್ಳೆಯದು. ಬಟ್ಟೆ ಕೊಳೆ ಎಂದು ಬರೆದು ಸಹಿ ಹಾಕಲು ಯಾರಿಗೆ ಕೈ ಬಂದೀತು, ನೋಡೋಣ.